ಜಲ್ಲಿ ದಾರಿಗೆ ಟೈರು ಕೊಂಡವನು

"ಬುದ್ಧೀ, ತಪ್ಪೇ ಮಾಡದವನನ್ನು ಬಿಟ್ಟು ಹೋಗುತ್ತಾರಲ್ಲ, ಯಾಕೆ?"

ಗುರುಗಳನ್ನು ಹೀಗೆ ಕೇಳಿದವನು ಮರುಳಸಿದ್ಧಪ್ಪ. ಹೈಸ್ಕೂಲಿನ ಹೆಡ್‌ಮಾಸ್ಟರು, ಮಠದ ಹಳೆಯ ಶಿಷ್ಯ. ಅವನ ಹೆಂಡತಿ ಸರ್ವಮಂಗಳ ಅಣ್ಣನ ಮನೆಗೆ ಹೋಗಿ ಇಪ್ಪತ್ತು ದಿನವಾಗಿತ್ತು. ಜಗಳವೇನೂ ಆಗಿರಲಿಲ್ಲ. "ಸ್ವಲ್ಪ ದಿನ ಇದ್ದು ಬರ್ತೀನಿ" ಎಂದು ಹೇಳಿ, ಅವನ ಅಂಗಿಗಳನ್ನು ಮಡಿಸಿಟ್ಟು ಹೋಗಿದ್ದಳು. ಬರುವ ದಿನ ಮಾತ್ರ ಹೇಳಿರಲಿಲ್ಲ.

"ನಾನು ಕುಡಿದವನಲ್ಲ, ಸುಳ್ಳು ಹೇಳಿದವನಲ್ಲ, ಕೈ ಎತ್ತಿದವನಲ್ಲ. ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಮನೆಯಲ್ಲಿ ಹೊತ್ತು ಗೊತ್ತು ಮಾಡಿದೆ. ಅದನ್ನು ಎಲ್ಲರಿಗಿಂತ ಮೊದಲು ಪಾಲಿಸಿದವನೂ ನಾನೇ. ನನ್ನ ನಿಯಮದಲ್ಲಿ ತಪ್ಪು ಎಲ್ಲಿದೆ ಹೇಳಿ. ತಿದ್ದಿಕೊಳ್ಳುತ್ತೇನೆ."

ಉತ್ತರ ಪತ್ರಿಕೆ ಒಪ್ಪಿಸಿದವನ ಹಾಗೆ ಅವನು ಕೈಕಟ್ಟಿ ನಿಂತಿದ್ದ. ಗುರುಗಳು ಕೂರುವಂತೆ ಸನ್ನೆ ಮಾಡಿ ಹೇಳತೊಡಗಿದರು.

ಬೆಟ್ಟದ ಮೇಲಿನ ಊರಿನಲ್ಲಿ ಒಬ್ಬ ಜೀಪಿನವನಿದ್ದ. ಊರಿಗೆ ಬಸ್ಸಿರಲಿಲ್ಲ. ಊರಿನಿಂದ ಕೆಳಗಿನ ಕ್ರಾಸಿನವರೆಗೆ ಒಂಬತ್ತು ಕಿಲೋಮೀಟರು ಜಲ್ಲಿ ರಸ್ತೆ. ಅಲ್ಲಿಂದ ಪೇಟೆಗೆ ಇಪ್ಪತ್ತೆರಡು ಕಿಲೋಮೀಟರು ಡಾಂಬರು. ಜಲ್ಲಿ ಹಾಸಿದ ಕಂತ್ರಾಟುದಾರ ಡಾಂಬರು ತರುತ್ತೇನೆ ಎಂದು ಹೋದವನು ಇನ್ನೂ ಬಂದಿರಲಿಲ್ಲ.

ಜೀಪಿನವನು ನೇರ ಮನುಷ್ಯ. ಬೆಳಿಗ್ಗೆ ಏಳಕ್ಕೆ ಹೊರಡುತ್ತೇನೆ ಎಂದರೆ ಏಳಕ್ಕೆ ಹೊರಡುವನು. ಒಂಬತ್ತು ಜನಕ್ಕಿಂತ ಒಬ್ಬರನ್ನೂ ಹೆಚ್ಚಿಗೆ ಹತ್ತಿಸನು. ಮುಂದೆ ಒಬ್ಬರಿಗೆ ಜಾಗ, ಹಿಂದೆ ಎಂಟು ಜನಕ್ಕೆ. ಮುಂದಿನ ಸೀಟು ಯಾರು ಮೊದಲು ಬಂದರೆ ಅವರದು. ಪಂಚಾಯ್ತಿ ಮೆಂಬರು ಗೌಡನೇ ತಡವಾಗಿ ಬಂದರೂ ಹಿಂದಕ್ಕೆ ಹೋಗಬೇಕು. ಊರಿನವರು ಗೊಣಗುತ್ತಿದ್ದರು, ಹೊಗಳುತ್ತಲೂ ಇದ್ದರು. ಹನ್ನೊಂದು ವರ್ಷದಲ್ಲಿ ಅವನು ಒಂದು ದಿನವೂ ಮುಖ ನೋಡಿ ಮಣೆ ಹಾಕಿದವನಲ್ಲ.

ಅವನ ಜೀಪಿನಲ್ಲಿ ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ ಒಬ್ಬ ವಯಸ್ಸಾದ ತಾಯಿ ಬರುತ್ತಿದ್ದಳು. ಆಕೆಯ ಮೂತ್ರಪಿಂಡ ಎರಡೂ ಹೋಗಿದ್ದವು. ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ವಾರಕ್ಕೆ ಎರಡು ಸಲ, ತಪ್ಪಿಸುವಂತಿಲ್ಲ. ಒಂದು ಸಲ ತಪ್ಪಿದರೆ ಹೇಗೋ ತಡೆದೀತು, ಎರಡು ಸಲ ತಪ್ಪಿದರೆ ನಾನು ಹೊಣೆಯಲ್ಲ ಎಂದು ಡಾಕ್ಟರು ಹೇಳಿದ್ದರು. ಜೀಪಿನವನು ಆಕೆಯಿಂದ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿಯೂ ಇರಲಿಲ್ಲ.

ಒಂದು ದಿನ ಇಳಿಜಾರಿನ ತಿರುವಿನಲ್ಲಿ ಜೀಪು ಜಲ್ಲಿಯ ಮೇಲೆ ಜಾರಿತು. ಹಿಂದಿನ ಚಕ್ರ ಅಂಚಿನ ಕಲ್ಲಿಗೆ ತಾಗಿ ನಿಂತಿತು. ಕಲ್ಲಿನಾಚೆ ಪ್ರಪಾತ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ವಾರದ ಶುಕ್ರವಾರ ಆ ತಾಯಿ ಬರಲಿಲ್ಲ.

ಹೆದರಿದ್ದಾಳೆ ಎಂದುಕೊಂಡ ಜೀಪಿನವನು. ಹೆದರುವುದು ನ್ಯಾಯವೇ. ಟೈರು ಸವೆದು ಅಂಗೈಯಂತೆ ನುಣ್ಣಗಾಗಿತ್ತು. ಹಳೆಯ ಟೈರಿಗೇ ಹೊಸ ಪಟ್ಟಿ ಅಂಟಿಸು ಎಂದರು ಕೆಲವರು. ಹಿಂದಿನ ಎರಡನ್ನು ಬದಲಾಯಿಸಿದರೆ ಸಾಕು ಎಂದರು ಇನ್ನು ಕೆಲವರು. ಅವನು ಯಾರ ಮಾತನ್ನೂ ಕೇಳಲಿಲ್ಲ. ಮಾಡಿದರೆ ಪೂರ್ತಿ ಮಾಡಬೇಕು ಎಂದು ಕ್ರಾಸಿಗೆ ಇಳಿದ.

ಜಲ್ಲಿ ಮುಗಿದು ಡಾಂಬರು ಶುರುವಾಗುವ ಆ ಕ್ರಾಸಿನಲ್ಲಿ ಒಬ್ಬ ಮುದುಕನ ಟೈರಿನ ಅಂಗಡಿಯಿತ್ತು. ಮುದುಕ ಮೂರು ಟೈರು ಉರುಳಿಸಿಕೊಂಡು ಬಂದು ಮುಂದೆ ನಿಲ್ಲಿಸಿದ.

"ಇದು ಡಾಂಬರಿಂದು. ಸದ್ದು ಮಾಡಲ್ಲ. ಆದ್ರೆ ಜಲ್ಲಿ ಇದರ ಪಕ್ಕೆ ಸೀಳಿಬಿಡುತ್ತೆ. ಇದು ದೊಡ್ಡ ಬಟನ್ನಿಂದು, ಕೆಸರಿಗೆ ಹೇಳಿ ಮಾಡ್ಸಿದ್ದು. ಜಲ್ಲಿ ಮೇಲೆ ಹಾಕಿದ್ರೆ ಬಟನ್ ಉದುರುತ್ತೆ, ಡಾಂಬರಿಗೆ ಬಂದ್ರೆ ಊಳಿಡುತ್ತೆ. ಇದು ಆಲ್ ಟೆರೇನ್. ಕೆಸರಲ್ಲಿ ಅದರಷ್ಟಿಲ್ಲ, ಡಾಂಬರಲ್ಲಿ ಮೊದಲನೇದರಷ್ಟಿಲ್ಲ. ಎರಡೂ ಕಡೆ ಹೊಂದಿಕೊಂಡು ಹೋಗುತ್ತೆ. ಸಂಸಾರಸ್ಥರ ಟೈರು ಅನ್ಕೊ."

ಜೀಪಿನವನು ಮೂರನೆಯದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಗೀರುಗಳ ಆಳಕ್ಕೆ ಬೆಂಕಿಕಡ್ಡಿ ಇಟ್ಟು ಅಳೆದ. ಪಕ್ಕೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದ.

"ಇದೇ ಇರಲಿ. ಆದರೆ ಇದು ಆರು ಪದರದ್ದು. ಹತ್ತು ಪದರದ್ದು ಕೊಡು ಅಜ್ಜ."

"ಅದು ಲೋಡ್ ಹೊರೋ ಗಾಡಿಗೆ, ಬಲು ಬಿರುಸು. ಹಿಂದೆ ಯಾರು ಕೂರ್ತಾರೆ ನಿನ್ನ ಗಾಡೀಲಿ?"

"ಜನ ಕೂರ್ತಾರೆ. ಕುರಿ ತುಂಬ್ತೀನಾ ನಾನು?"

ಮುದುಕ ನಕ್ಕ. ಗಿರಾಕಿ ಕೇಳಿದ್ದನ್ನು ಕೊಟ್ಟ.

ಜೀಪಿನವನು ನಾಲ್ಕು ಚಕ್ರಕ್ಕೂ ಹತ್ತು ಪದರದ ಟೈರು ಹಾಕಿಸಿದ. ಸ್ಟೆಪ್ನಿಗೂ ಹೊಸದೇ. ನಲವತ್ತೈದು ಪಾಯಿಂಟು ಗಾಳಿ ತುಂಬಿಸಿದ. ಗಾಳಿ ಗಟ್ಟಿಯಿದ್ದರೆ ಟೈರು ಬಾಳುತ್ತದೆ ಎಂದು ಅವನಿಗೆ ಗಾಡಿ ಕಲಿಸಿದವನು ಹೇಳಿಕೊಟ್ಟಿದ್ದ. ಆ ಮಾತನ್ನು ಅವನು ಒಂದು ದಿನವೂ ಮೀರಿರಲಿಲ್ಲ. ಅದೇ ತಿರುವಿನಲ್ಲಿ ಬೇಕೆಂದೇ ಎರಡು ಸಲ ಹತ್ತಿಸಿ ಇಳಿಸಿದ. ಜೀಪು ಬೆರಳಗಲವೂ ಜಾರಲಿಲ್ಲ. ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನೇರ ಆ ತಾಯಿಯ ಮನೆಗೆ ಹೋದ.

"ದೊಡ್ಡಮ್ಮ, ಇನ್ನು ಹೆದರಬೇಡಿ. ಹೊಸ ಟೈರು ಹಾಕ್ಸಿದೀನಿ. ನಾಳೆ ಬನ್ನಿ."

ಮಂಗಳವಾರ ಆಕೆ ಬಂದಳು. ಎಲ್ಲರಿಗಿಂತ ಕೊನೆಗೆ ಬಂದಳು, ಆಕೆಯ ನಡಿಗೆಯೇ ಅಷ್ಟು. ಹಿಂದಿನ ಸೀಟಿನ ಕೊನೆಯಲ್ಲಿ, ಚಕ್ರದ ಮೇಲೆ ಜಾಗವಿತ್ತು. ಅಲ್ಲಿ ಕೂತು ಹೋಗಿ ಬಂದಳು.

ಶುಕ್ರವಾರ ಬರಲಿಲ್ಲ.

ಸಂಜೆ ಜೀಪಿನವನು ಮತ್ತೆ ಹೋದ. ಆಕೆ ಗೋಡೆಗೆ ಒರಗಿ ಕೂತಿದ್ದಳು. ಕಾಲು ಊದಿಕೊಂಡಿದ್ದವು. ಸೊಸೆ ಲೋಟದಲ್ಲಿ ನೀರು ತಂದಿಟ್ಟು ಒಳಗೆ ಹೋದಳು.

"ಯಾಕೆ ದೊಡ್ಡಮ್ಮ? ಗಾಡಿ ಜಾರಿತಾ?"

"ಎಲ್ಲಿ ಜಾರುತ್ತಪ್ಪ, ಕಲ್ಲಿನಂಗೈತೆ. ನಿನ್ನ ಟೈರು ಚೆನ್ನಾಗೈತೆ ಕಣಪ್ಪ. ನನ್ನ ಮೂಳೆ ಚೆನ್ನಾಗಿಲ್ಲ."

"ಮಂಗಳವಾರ ಬರ್ತೀರಲ್ಲ?"

"ನೋಡಾನ" ಎಂದಳು ಆಕೆ. ಅವನಿಗೆ ಬೇಜಾರಾದೀತೆಂದು ನಗಲು ನೋಡಿದಳು.

ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡ. ಏಳೆಂದರೆ ಏಳಕ್ಕೇ ಹೊರಟಿದ್ದೆ. ಬಾಡಿಗೆ ಕೇಳಲಿಲ್ಲ. ಟೈರು ಹಾಕಿಸಿದೆ. ಇನ್ನೇನು ಮಾಡಬೇಕಿತ್ತು? ಸಿಟ್ಟಿನೊಳಗೆ ಒಂದು ಅಳು ಇತ್ತು. ಅದು ಅವನಿಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಮುದುಕನ ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಕೇಳಿದ. "ಅಜ್ಜ, ಸರಿಯಾಗಿ ಹೇಳು. ಈ ಟೈರಿನಲ್ಲಿ ತಪ್ಪೈತಾ?"

ಮುದುಕ ನಾಲ್ಕೂ ಚಕ್ರ ಸುತ್ತಿ, ಬೆರಳ ಗಂಟಿನಿಂದ ಬಡಿದು ನೋಡಿ ಬಂದ. "ಟೈರು ಸರಿಯಾಗೈತೆ."

"ಮತ್ತೆ ಆ ತಾಯಿ ಯಾಕೆ ಬರಲ್ಲ?"

"ಕೀ ಕೊಡು. ನೀನು ಹಿಂದೆ ಕೂತ್ಕೊ. ಅವರು ಕೂರೋ ಜಾಗದಲ್ಲಿ."

ಜೀಪಿನವನು ಹಿಂದಕ್ಕೆ ಹತ್ತಲು ಹೋಗಿ ತಡವರಿಸಿದ. ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಹನ್ನೊಂದು ವರ್ಷದಲ್ಲಿ ತನ್ನ ಜೀಪಿನ ಹಿಂದೆ ಒಂದು ಸಲವೂ ಅವನು ಕೂತಿರಲಿಲ್ಲ. ಅದು ಆಗ ಅವನ ನೆನಪಿಗೆ ಬಂತು.

ಮುದುಕ ಜಲ್ಲಿ ರಸ್ತೆಗೆ ಗಾಡಿ ತಿರುಗಿಸಿದ. ಜೀಪಿನವನು ಯಾವಾಗಲೂ ಓಡಿಸುವ ವೇಗದಲ್ಲೇ ಮುದುಕನೂ ಓಡಿಸಿದ. ಮೊದಲ ಕಲ್ಲು ಬೆನ್ನಿಗೆ ಬಡಿಯಿತು. ಎರಡನೆಯದು ಕುತ್ತಿಗೆಗೆ. ಹೊಡೆತಕ್ಕೂ ಹೊಡೆತಕ್ಕೂ ನಡುವೆ ಉಸಿರೆಳೆದುಕೊಳ್ಳಲು ಪುರುಸೊತ್ತಿರಲಿಲ್ಲ. ಅವನು ತಲೆಯ ಮೇಲಿನ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮುದುಕ ಮುಂದಿನಿಂದಲೇ ಕೂಗಿದ. "ಒಂದು ಕೈ ಬಿಡು. ಅವರು ಎರಡೂ ಕೈಯಲ್ಲಿ ಹಿಡ್ಕೊಳಲ್ಲ."

"ನಿನಗೆ ಹೆಂಗೆ ಗೊತ್ತು?"

"ನನ್ನ ಅಂಗಡಿ ಮುಂದೆ ಇಳಿದು ನೀರು ಕುಡೀತಾರಲ್ಲ, ನೋಡಿದೀನಿ. ಎಡಗೈಗೆ ಸೂಜಿ ಹಾಕ್ತಾರೆ ಅವರಿಗೆ. ಆ ಕೈಯಲ್ಲಿ ಭಾರ ಹಿಡಿಯೋ ಹಂಗಿಲ್ಲ. ಅದನ್ನ ಎದೆಗೆ ಒತ್ತಿಕೊಂಡು, ಬಲಗೈ ಒಂದರಲ್ಲೇ ಹಿಡ್ಕೊಂಡು ಬರ್ತಾರೆ. ನಾಲ್ಕು ವರ್ಷ ಕರ್ಕೊಂಡು ಬಂದಿದೀಯ, ನೀನು ನೋಡಿಲ್ವಾ?"

ನೋಡಿರಲಿಲ್ಲ. ಜೀಪಿನ ಕನ್ನಡಿಯನ್ನು ಅವನು ಹಿಂದಿನ ರಸ್ತೆ ಕಾಣುವಂತೆ ಇಟ್ಟಿದ್ದ. ಹಿಂದಿನ ಸೀಟು ಅದರಲ್ಲಿ ಕಾಣುತ್ತಿರಲಿಲ್ಲ.

ಅವನು ಎಡಗೈಯನ್ನು ಎದೆಗೆ ಒತ್ತಿಕೊಂಡ. ಮುಂದಿನ ತಗ್ಗಿನಲ್ಲಿ ಅವನ ಹೆಗಲು ಜೀಪಿನ ಪಕ್ಕೆಗೆ ಅಪ್ಪಳಿಸಿತು. ಅದರ ಮುಂದಿನದರಲ್ಲಿ ಸೀಟಿನಿಂದ ಎದ್ದು ಬಿದ್ದ.

"ನಿಲ್ಲಿಸು ಅಜ್ಜ."

"ಒಂದೂವರೆ ಕಿಲೋಮೀಟ್ರು ಆಗೈತೆ. ಅವರು ಒಂಬತ್ತು ಬರ್ತಾರೆ."

"ನಿಲ್ಲಿಸು."

ಮುದುಕ ನಿಲ್ಲಿಸಿದ. ಜೀಪಿನವನು ಇಳಿದು ರಸ್ತೆಯ ಪಕ್ಕದ ಬಂಡೆಯ ಮೇಲೆ ಕೂತ. ಮುದುಕ ಒಂದು ಕಡ್ಡಿ ಹುಡುಕಿ, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ವಾಲ್ವು ಒತ್ತಿ ಗಾಳಿ ಇಳಿಸತೊಡಗಿದ.

ಆ ಸದ್ದಿಗೆ ಜೀಪಿನವನ ತಲೆ ಎದ್ದಿತು. "ಅಷ್ಟು ಇಳಿಸಬೇಡ. ಟೈರು ಸವೆಯುತ್ತೆ."

"ಸವೀಲಿ. ಟೈರು ಮಾಡಿರೋದೇ ಸವೆಯೋಕೆ, ಕೂತೋರು ಸವೀಬಾರ್ದು ಅಂತ."

ನಾಲ್ಕು ಚಕ್ರದಲ್ಲೂ ಅಂದಾಜು ಇಪ್ಪತ್ತೆಂಟು ಪಾಯಿಂಟು ಗಾಳಿ ಉಳಿಸಿ ಮುದುಕ ಎದ್ದ. "ಆರು ಪದರದ್ದು ತಗೊಂಡಿದ್ರೆ ಇನ್ನೂ ಮೆತ್ತಗಿರ್ತಿತ್ತು. ಹೋಗ್ಲಿ, ಇದರಲ್ಲೇ ನಡೆಯುತ್ತೆ. ಜಲ್ಲಿ ಮೇಲೆ ನಿಧಾನಕ್ಕೆ ಹೋಗು. ಡಾಂಬರು ಬಂದಾಗ ನನ್ನ ಹತ್ರ ನಿಲ್ಲಿಸಿ ಮತ್ತೆ ತುಂಬಿಸ್ಕೊ. ವಾಪಸ್ ಬರುವಾಗ ಮತ್ತೆ ಇಳಿಸು."

"ದಿನಾ?"

"ದಿನಾ ಹೋಗ್ತೀಯಲ್ಲ."

ವಾಪಸು ಬರುವಾಗಲೂ ಜೀಪಿನವನು ಹಿಂದೆಯೇ ಕೂತ. ಕಲ್ಲು ಅವೇ ಇದ್ದವು. ಹೊಡೆತ ಮಾತ್ರ ಟೈರಿನಲ್ಲೇ ಉಳಿಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಜೀಪು ಹೊರಡಲಿಲ್ಲ. ಮುಂದಿನ ಸೀಟಿನಲ್ಲಿ ಆಗಲೇ ಬಂದು ಕೂತಿದ್ದ ಗೌಡನನ್ನು ಜೀಪಿನವನು ಇಳಿಯಲು ಹೇಳಿದ.

"ಯಾಕಯ್ಯ? ಮೊದಲು ಬಂದೋನು ನಾನು. ಎಲ್ಲಿ ಹೋಯ್ತು ನಿನ್ನ ಕಾನೂನು?"

"ಹಿಂದೆ ಕೂತು ನೋಡ್ಕೊಂಡು ಬಂದೆ ಗೌಡ್ರೇ. ಇವತ್ತು ನೀವೂ ನೋಡಿ."

ಗೌಡ ಅವನ ಮುಖ ನೋಡಿ ಇಳಿದ. ಜೀಪಿನವನು ಗಾಡಿಯನ್ನು ಆ ತಾಯಿಯ ಮನೆಯ ಬಾಗಿಲಿಗೇ ಒಯ್ದು ನಿಲ್ಲಿಸಿದ. ಹಾರನ್ ಮಾಡಲಿಲ್ಲ. ಇಳಿದು ಒಳಗೆ ಹೋದ. ಆಕೆ ಮಲಗಿದ್ದಳು. ಮುಖವೂ ಊದಿಕೊಂಡಿತ್ತು. ಅವನು ಹೊಸ್ತಿಲ ಹತ್ತಿರ ಕೂತ.

"ದೊಡ್ಡಮ್ಮ, ನನಗೆ ಗೊತ್ತಿರಲಿಲ್ಲ" ಎಂದ. ಟೈರಿನ ಮಾತು ಎತ್ತಲಿಲ್ಲ.

ಆಕೆ ಅವನನ್ನು ನೋಡಿದಳು. ಮತ್ತೆ ಸೊಸೆಯ ಕಡೆ ತಿರುಗಿ, "ಸೀರೆ ತಗೊಂಬಾರಮ್ಮ" ಎಂದಳು.

ಮುಂದಿನ ಸೀಟಿನಲ್ಲಿ, ಎಡಗೈ ಬಾಗಿಲಿಗೆ ತಾಗದಂತೆ ದಿಂಬು ಇಟ್ಟು ಅವನು ಆಕೆಯನ್ನು ಕೂರಿಸಿದ. ಆಕೆಯೊಬ್ಬಳನ್ನು ಮುಂದಕ್ಕೆ ತಂದಮೇಲೆ ಗಾಳಿ ಮತ್ತೆ ಗಟ್ಟಿ ಮಾಡಬಹುದಿತ್ತು. ಮಾಡಲಿಲ್ಲ. ಹಿಂದೆ ಎಂಟು ಜನ ಕೂತಿದ್ದರು. ಅವರಿಗೂ ಮೂಳೆಗಳಿದ್ದವು.

ಒಂಬತ್ತು ಕಿಲೋಮೀಟರಿಗೆ ಎಂದಿಗಿಂತ ಹತ್ತು ನಿಮಿಷ ಹೆಚ್ಚು ಹಿಡಿಯಿತು. ಕ್ರಾಸಿನಲ್ಲಿ ಜೀಪು ನಿಂತಿತು. ಮುದುಕ ಗಾಳಿಯ ಪೈಪು ಎಳೆದುಕೊಂಡು ಬಂದ. ಆ ತಾಯಿ ಕಣ್ಣು ಬಿಟ್ಟು ಹೊರಗೆ ನೋಡಿದಳು.

"ಬೇರೆ ದಾರೀಲಿ ಬಂದ್ಯೇನಪ್ಪ ಇವತ್ತು?"

"ಇಲ್ಲ ದೊಡ್ಡಮ್ಮ. ಅದೇ ದಾರಿ."

ಕತೆ ನಿಂತಿತು. ಮರುಳಸಿದ್ಧಪ್ಪ ನೆಲ ನೋಡುತ್ತಿದ್ದ. ತಲೆಯೆತ್ತದೆ ಕೇಳಿದ.

"ಹಾಗಾದರೆ ಬುದ್ಧೀ, ನನ್ನ ನಿಯಮವೇ ತಪ್ಪೆ?"

"ಟೈರು ಸರಿಯಾಗಿಯೇ ಇತ್ತು ಎಂದೆನಲ್ಲ" ಎಂದರು ಗುರುಗಳು.

ಶಿಷ್ಯನ ಮುಖದಲ್ಲಿ ಒಂದು ಗಳಿಗೆ ನೆಮ್ಮದಿ ಕಂಡಿತು. ನಮಸ್ಕರಿಸಿ ಎದ್ದ. ಅವನು ಬಾಗಿಲು ದಾಟುವ ಮೊದಲು ಗುರುಗಳು ಮೆಲ್ಲಗೆ ಕೇಳಿದರು.

"ಮರುಳಸಿದ್ಧಪ್ಪ, ಸರ್ವಮಂಗಳ ಯಾವ ಕೈಯಲ್ಲಿ ಹಿಡಿದುಕೊಂಡು ಕೂರುತ್ತಾಳೆ?"

ಅವನು ಹೊಸ್ತಿಲ ಮೇಲೆ ಹಾಗೆಯೇ ನಿಂತ.