ಗರಡಿಯ ನೆಲ ನುಂಗಿದ ಮೂರು ಕಾಣಿಕೆ

ಹತ್ತಿರ ಬನ್ನಿ, ಬನ್ನಿ. ಇನ್ನೊಂಚೂರು ಜರುಗಿ ಕೂತರೆ ಹಿಂದೆ ನಿಂತವರಿಗೂ ಜಾಗ ಆಗುತ್ತದೆ. ಆಯಿತಾ? ಸರಿ, ಕೇಳಿ ಹಾಗಾದರೆ.

ಮಾರನಕೋಟೆ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಒಂದು ಗರಡಿಮನೆ. ಆ ಗರಡಿಮನೆಗೆ ಮುದ್ದಯ್ಯ ಅಂತ ಒಬ್ಬ ಉಸ್ತಾದ. ಬಾಗಿಲಲ್ಲಿ ನಿಂತನೆಂದರೆ ಒಳಗೆ ಬೆಳಕು ಬರುತ್ತಿರಲಿಲ್ಲ, ಅಂಥ ಆಳು. ಮನಸ್ಸು ಮಾತ್ರ ಬೆಣ್ಣೆ.

ಗರಡಿಯನ್ನು ಕಟ್ಟಿಸಿದವರು ದೊರೆಯ ತಂದೆ. ನಡುವೆ ಕುಸ್ತಿ ಆಡುವ ಕೆಮ್ಮಣ್ಣಿನ ಮಟ್ಟಿ. ಸುತ್ತ ದಂಡ ಬಸ್ಕಿ ಹೊಡೆಯುವುದಕ್ಕೆ ನೆಲ. ಅದರ ಮೇಲೆ ಅಲ್ಲಲ್ಲಿ ಮರದ ಗದೆ, ಸಣ್ಣ ಕಲ್ಲುಗುಂಡು. ಗೋಡೆಯ ಗೂಡಿನಲ್ಲಿ ಹನುಮಂತ. ಅಷ್ಟೇ. ಕುಂಬಾರರ ಕೇರಿಯವರು, ನೇಕಾರರ ಕೇರಿಯವರು, ಗಾಡಿ ಹೊಡೆಯುವವರು, ಎಲ್ಲರೂ ಬೆಳಕು ಹರಿಯುವ ಹೊತ್ತಿಗೆ ಸಾಮು ಮಾಡಲು ಬರುತ್ತಿದ್ದರು. ಬರುವಾಗ ಒಬ್ಬ ಹಾಲು ತರುತ್ತಿದ್ದ, ಒಬ್ಬ ರಾಗಿ ತರುತ್ತಿದ್ದ, ಒಬ್ಬ ಬೆಲ್ಲ ತರುತ್ತಿದ್ದ. ಮುದ್ದಯ್ಯ, ಅವನ ಹೆಂಡತಿ ನಿಂಗಾಜಮ್ಮ, ಇಬ್ಬರ ಹೊಟ್ಟೆ ತುಂಬುತ್ತಿದ್ದುದು ಅದರಿಂದಲೇ.

ಮುದ್ದಯ್ಯನಿಗೆ ಯಾರು ಏನು ಕೊಟ್ಟರೂ ಕಣ್ಣಲ್ಲಿ ನೀರು. ಮಟ್ಟಿಗೆ ಬೆರೆಸಲು ಒಂದು ಹಿಡಿ ಅರಿಶಿನ ತಂದವರಿಗೂ ಎರಡೂ ಕೈ ಎತ್ತಿ ಮುಗಿಯುತ್ತಿದ್ದ. "ಕೊಡೋ ಮನಸ್ಸು ಎಲ್ಲರಿಗೂ ಬರಲ್ಲ ಕಣಪ್ಪ" ಅನ್ನುತ್ತಿದ್ದ. ಅವನ ಗುರುಗಳು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಗರಡಿಗೆ ಗದೆಯನ್ನೋ ಕಲ್ಲುಗುಂಡನ್ನೋ ಇನ್ನಾವ ಭಾರದ ಸಾಮಾನನ್ನೋ ಕೊಡುವವರು ಮೊದಲು ತಾವೇ ಅದನ್ನು ಎತ್ತಿ ತೋರಿಸಬೇಕು. ಆಮೇಲೆ ಅದು ಗರಡಿಯದು, ಮುರಿಯುವ ತನಕ ಆಚೆಗೆ ಹೋಗುವಂತಿಲ್ಲ.

ಗರಡಿಯ ಪಕ್ಕದಲ್ಲೇ ದೊರೆಯ ಭಾವಮೈದ ಚೆಲುವರಾಜಯ್ಯನ ಬಂಗಲೆ. ಹೆಸರಿನಲ್ಲಿ ಚೆಲುವಿತ್ತು. ಮನಸ್ಸಿನಲ್ಲಿ ಇತ್ತೋ ಇಲ್ಲವೋ, ನೀವೇ ಹೇಳಿ. ಅವನದು ಹುಣಸೆಹಣ್ಣಿನ ವ್ಯಾಪಾರ. ಮೂಟೆ ಇಡಲು ಜಾಗ ಸಾಲದೆ ಗರಡಿಯ ಮೇಲೆ ಕಣ್ಣು ಹಾಕಿದ. ಬಾಯಿಬಿಟ್ಟು ಕೇಳಿದರೆ ದೊರೆ ಕೊಡುತ್ತಾನೆಯೇ? ಅಪ್ಪ ಕಟ್ಟಿಸಿದ ಗರಡಿ, ಕೊಡುವುದಿಲ್ಲ. ಚೆಲುವರಾಜಯ್ಯ ಮೂರು ದಿನ ತಲೆ ಕೆರೆದುಕೊಂಡು ಒಂದು ಉಪಾಯ ಹುಡುಕಿದ.

ಒಂದು ದಿನ ತಮಟೆ ಹೊಡೆಸಿಕೊಂಡು ಬಂದ. ಹಿಂದೆ ಎತ್ತಿನಗಾಡಿಯಲ್ಲಿ ಕರುವಿನಷ್ಟು ದೊಡ್ಡ ಕಲ್ಲುಗುಂಡು.

"ಮುದ್ದಯ್ಯ, ಗರಡಿಗೆ ನನ್ನದೊಂದು ಕಾಣಿಕೆ" ಅಂದ.

ಅಷ್ಟು ದೊಡ್ಡ ಮನುಷ್ಯ ತಮ್ಮ ಬಾಗಿಲಿಗೆ ಬಂದದ್ದೇ ಹೆಚ್ಚು. "ನೀವು ಮೊದಲು ಎತ್ತಿ, ಬುದ್ಧಿ" ಅಂತ ಕೇಳಲು ಮುದ್ದಯ್ಯನಿಗೆ ನಾಲಿಗೆ ಏಳಲಿಲ್ಲ. ಕೈ ಮುಗಿದ, ಕಣ್ಣು ಒರೆಸಿಕೊಂಡ, ಗುಂಡನ್ನು ನಡುಮನೆಯಲ್ಲೇ ಇಡಿಸಿದ.

ನಿಂಗಾಜಮ್ಮ ಬಂದು ನೋಡಿದಳು. "ಏನಂದ್ರೆ, ಇದನ್ನ ಎತ್ತೋರು ಯಾರು?"

"ಕೊಟ್ಟೋರ ಮನಸ್ಸು ನೋಡೇ. ಹಂಗೆಲ್ಲ ಕೇಳಬಾರದು."

ಮಾರನೆಯ ದಿನ ಕುಂಬಾರರಿಗೆ ದಂಡ ಹೊಡೆಯಲು ನೆಲ ಸಾಲಲಿಲ್ಲ. ಒಬ್ಬನ ಕಾಲು ಇನ್ನೊಬ್ಬನ ಮೂಗಿಗೆ. ನಾಲ್ಕು ದಿನ ನೋಡಿದರು, ಮುಖ ಸಣ್ಣ ಮಾಡಿಕೊಂಡು ಮನೆಯಲ್ಲೇ ಉಳಿದರು. ಹಾಲು ನಿಂತಿತು.

ಇನ್ನೊಂದು ದಿನ ಮತ್ತೆ ತಮಟೆ. ಈ ಸಲ ಕಲ್ಲಿನ ಗದೆ, ಇಬ್ಬರು ಆಳು ಉದ್ದಕ್ಕೆ ಮಲಗಿದಷ್ಟು. ಮುದ್ದಯ್ಯ ಮತ್ತೆ ಕೈ ಮುಗಿದ, ಮತ್ತೆ ಕಣ್ಣು ಒರೆಸಿಕೊಂಡ.

"ಏನಂದ್ರೆ, ಇದನ್ನ ಬೀಸೋರು ಯಾರು?"

"ಕೊಟ್ಟೋರ ಮನಸ್ಸು ನೋಡೇ."

ನೇಕಾರರು ಬಸ್ಕಿ ಹೊಡೆಯುವಾಗ ಎಡವಿ ಎಡವಿ ಬಿದ್ದರು. ಅವರೂ ಬರುವುದು ಬಿಟ್ಟರು. ರಾಗಿ ನಿಂತಿತು.

ಮೂರನೆಯ ಸಲ ತಮಟೆ ಕೇಳಿದಾಗ ನಿಂಗಾಜಮ್ಮ ಒಲೆಯ ಮುಂದೆಯೇ ಹಣೆ ಚಚ್ಚಿಕೊಂಡಳು. ಬಂದದ್ದು ಆನೆಕಾಲಿನಷ್ಟು ದಪ್ಪ ಕಾಲುಗಳ ಒಂದು ಪೀಠ. ಅದಕ್ಕೆ ಮೇಲೊಂದು ಮಂಟಪ ಬೇರೆ. "ಕುಸ್ತಿ ನೋಡೋಕೆ ಬಂದಾಗ ನಾನು ಕೂತ್ಕೊಳ್ಳೋಕೆ" ಅಂದ ಚೆಲುವರಾಜಯ್ಯ. ಅದನ್ನು ಮಟ್ಟಿಯ ಅಂಚಿಗೇ ಇಡಿಸಿದ. ಅವನು ಒಂದು ದಿನವೂ ಬರಲಿಲ್ಲ, ಕೂರಲಿಲ್ಲ. ಗಾಡಿಯವರು ಮಾತ್ರ ಒಬ್ಬರನ್ನೊಬ್ಬರು ಎತ್ತಿ ಹಾಕುವಾಗ ಪೀಠದ ಕಾಲಿಗೆ ತಲೆ ಬಡಿಸಿಕೊಂಡರು. ಬೆಲ್ಲವೂ ನಿಂತಿತು.

ಇಷ್ಟಾದ ಮೇಲೆ ಚೆಲುವರಾಜಯ್ಯ ಅರಮನೆಗೆ ಹೋದ. "ಭಾವ, ಆ ಗರಡಿಗೆ ಈಗ ಒಂದು ನರಪಿಳ್ಳೆಯೂ ಹೋಗಲ್ಲ. ಬರೀ ಸಾಮಾನು ತುಂಬಿದೆ. ನನ್ನ ಮೂಟೆಗಾದರೂ ಆಗಲಿ, ಕೊಟ್ಟುಬಿಡಿ."

ದೊರೆ ಯೋಚನೆ ಮಾಡಿದ. "ಆಯುಧಪೂಜೆ ದಿನ ನಾನೇ ಬಂದು ನೋಡ್ತೀನಿ. ಜನ ತುಂಬಿದ್ದರೆ ಅದು ಗರಡಿ. ಸಾಮಾನು ತುಂಬಿದ್ದರೆ ಅದು ಉಗ್ರಾಣ. ಉಗ್ರಾಣವಾದರೆ ನಿನಗೇ."

ಈ ಸುದ್ದಿ ಮುದ್ದಯ್ಯನ ಕಿವಿಗೆ ಬಿತ್ತು. ಆನೆಯಂಥ ಆಳು ಮಟ್ಟಿಯ ಮೂಲೆಯಲ್ಲಿ ಮಗುವಿನ ಹಾಗೆ ಕುಸಿದು ಕೂತ. ಹುಡುಗನಾಗಿದ್ದಾಗಿಂದ ಈ ಮಣ್ಣನ್ನು ಹಣೆಗೆ ಹಚ್ಚಿಕೊಂಡವನು ಅವನು. ಗರಡಿ ಹೋದರೆ ಅವನಿಗೆ ಇನ್ನೊಂದು ಮನೆಯಿಲ್ಲ, ಇನ್ನೊಂದು ಕೆಲಸವಿಲ್ಲ, ಇನ್ನೊಂದು ಹೆಸರೂ ಇಲ್ಲ.

ನಿಂಗಾಜಮ್ಮ ಅವನ ಕೈ ಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದಳು.

"ಈ ಅಡಿಗೆಮನೆ ಎಷ್ಟಗಲ ಐತೆ ನೋಡಿ."

"ನಾನು ಮಲಗಿದ್ರೆ ಕಾಲು ಆಚೆ ಬರ್ತದೆ."

"ಹಬ್ಬದ ದಿನ ಇಡೀ ಗರಡಿಗೆ ಮುದ್ದೆ ಬೇಯಿಸಿ ಹಾಕ್ತೀನಲ್ಲ, ಹೆಂಗೆ?"

ಮುದ್ದಯ್ಯ ಸುತ್ತ ನೋಡಿದ. ಇಷ್ಟು ವರ್ಷ ಉಂಡಿದ್ದ, ನೋಡಿರಲಿಲ್ಲ. ಹಾಲು ಮೊಸರಿನ ಗಡಿಗೆಗಳು ಸೂರಿನಿಂದ ಇಳಿಬಿಟ್ಟ ಹಗ್ಗದ ನೆಲುವಿನಲ್ಲಿ ಒಂದರ ಮೇಲೊಂದು ತೂಗುತ್ತಿದ್ದವು. ಸೌಟು, ಜರಡಿ, ಮೊರ ಎಲ್ಲ ಗೋಡೆಯ ಗೂಟದಲ್ಲಿ. ನೆಲದ ಮೇಲೆ ಒಲೆ ಒಂದೇ.

"ನೆಲ ಚಿಕ್ಕದು ಅಂತ ಅತ್ತುಕೊಂಡು ಕೂತಿದ್ರೆ ನಿಮಗೆ ಯಾವತ್ತೂ ಮುದ್ದೆ ಸಿಗ್ತಿರಲಿಲ್ಲ" ಅಂದಳು ನಿಂಗಾಜಮ್ಮ. "ಗೋಡೆ ಐತೆ, ಸೂರು ಐತೆ. ಬೆಳಿಗ್ಗೆ ಮುದ್ದೆ ಬೇಯೋ ಒಲೇಲೇ ಮಧ್ಯಾಹ್ನ ಸಾರು ಕುದೀತದೆ. ನಿಮ್ಮ ಗರಡೀಲಿ ಎಲ್ಲರೂ ಒಂದೇ ಹೊತ್ತಿಗೆ ಬಂದು ಮೈ ಉಜ್ಜಾಡ್ತಾರೆ. ಬಿಸಿಲೇರಿದ ಮೇಲೆ ಅಲ್ಲಿ ಬೆಕ್ಕು ಮಲಗಿರ್ತದೆ."

ಮುದ್ದಯ್ಯನ ಕಣ್ಣು ತೆರೆಯಿತು. ಅಂದೇ ಗೂಟ ಹೊಡೆದ. ನೆಲದ ಮೇಲೆ ರಾಶಿ ಬಿದ್ದಿದ್ದ ಮರದ ಗದೆಗಳೆಲ್ಲ ಗೋಡೆ ಹತ್ತಿದವು. ತೊಲೆಯಿಂದ ಹಗ್ಗ ಇಳಿಬಿಟ್ಟ, ಹತ್ತಿ ಇಳಿಯುವವರಿಗೆ ನೆಲವೇ ಬೇಡ. ಸಣ್ಣ ಕಲ್ಲುಗುಂಡುಗಳು ಹಿತ್ತಲಿನ ಹೊಂಗೆಮರದ ನೆರಳಿಗೆ ಉರುಳಿದವು.

ಆಮೇಲೆ ಕುಂಬಾರರ ಕೇರಿಗೆ ಹೋದ. "ನೀವು ಬೆಳಕು ಹರಿಯೋ ಹೊತ್ತಿಗೆ ಬನ್ನಿ, ಆಗ ಇನ್ಯಾರೂ ಇರಲ್ಲ" ಅಂದ. ನೇಕಾರರ ಕೇರಿಗೆ ಹೋದ. "ಬಿಸಿಲಿಗೆ ಮಗ್ಗ ನಿಲ್ಲಿಸ್ತೀರಲ್ಲ, ಆಗ ಬನ್ನಿ" ಅಂದ. ಗಾಡಿಯವರ ಹತ್ತಿರ ಹೋದ. "ಎತ್ತು ಬಿಚ್ಚಿದ ಮೇಲೆ ಬನ್ನಿ, ದೀಪ ಹಚ್ಚಿಟ್ಟಿರ್ತೀನಿ" ಅಂದ. ಮೂರು ಕಡೆಯೂ ಅವರು ಒಂದೇ ಮಾತು ಹೇಳಿದರು: "ಉಸ್ತಾದರೇ, ನೀವಾಗಿ ಕರೀಲಿ ಅಂತ ಕಾಯ್ತಾ ಇದ್ದೆವು." ಮುದ್ದಯ್ಯ ಪ್ರತಿ ಬಾಗಿಲಲ್ಲೂ ಅತ್ತುಬಿಟ್ಟ. ಸಂತೋಷಕ್ಕೆ ಕಣ್ರಪ್ಪಾ, ಬೇರೆ ಏನಿಲ್ಲ.

ಹಾಲು ಬಂತು. ರಾಗಿ ಬಂತು. ಬೆಲ್ಲ ಬಂತು. ಆದರೆ ಆ ಮೂರು ಕಾಣಿಕೆಗಳು ನಡುಮನೆಯಲ್ಲಿ ಹಾಗೇ ಕೂತಿದ್ದವಲ್ಲ! ಗರಡಿಗೆ ಬಂದದ್ದನ್ನು ಆಚೆ ಹಾಕುವುದು ಹೇಗೆ? ಕೊಟ್ಟವರಿಗೆ ದ್ರೋಹವಲ್ಲವೇ? ಮುದ್ದಯ್ಯನಿಗೆ ಅನ್ನ ಸೇರಲಿಲ್ಲ.

"ಏನಂದ್ರೆ, ಕೊಟ್ಟೋರು ಮೊದಲು ಎತ್ತಿ ತೋರಿಸಬೇಕು ಅಂತ ನಿಮ್ಮ ಗುರುಗಳು ಹೇಳಿದ್ರಲ್ವಾ?" ಅಂದಳು ನಿಂಗಾಜಮ್ಮ.

"ಹೇಳಿದ್ರು. ಅಷ್ಟು ದೊಡ್ಡೋರನ್ನ ನಾನೆಂಗೆ ಕೇಳಲಿ?"

"ಅಯ್ಯೋ, ಅಷ್ಟು ದೊಡ್ಡೋರಿಗೆ ಆ ಮರ್ಯಾದೆ ಮಾಡದೇ ಬಿಟ್ಟಿದ್ದೀರಲ್ಲ! ಕುಂಬಾರರ ಹುಡುಗ ಒಂದು ಗದೆ ಕೊಟ್ಟಾಗಲೂ ಹಾರ ಹಾಕಿ ಎತ್ತಿಸಿದ್ರಿ. ದೊರೆ ಭಾವಮೈದಂಗೆ ಇಲ್ವಾ?"

ಮುದ್ದಯ್ಯ ನಾಲಿಗೆ ಕಚ್ಚಿಕೊಂಡ. ಹೌದಲ್ಲ! ಎಂಥ ತಪ್ಪಾಯಿತು! ಪೂಜೆಯ ದಿನ, ದೊರೆಯ ಮುಂದೆಯೇ ಆ ಮರ್ಯಾದೆ ಸಲ್ಲಿಸಬೇಕು ಅಂದುಕೊಂಡ. ಅವನ ಮನಸ್ಸಿನಲ್ಲಿ ಒಂದು ಚೂರು ಕಪಟವಿರಲಿಲ್ಲ. ನಿಂಗಾಜಮ್ಮನ ಮನಸ್ಸಿನ ವಿಚಾರ ನನ್ನನ್ನು ಕೇಳಬೇಡಿ. ಅವಳು ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದುಕೊಂಡು ಒಳಗೆ ಹೋದಳು.

ಆಯುಧಪೂಜೆ ಬಂತು. ದೊರೆ ಬಂದ. ಪಕ್ಕದಲ್ಲಿ ಮೀಸೆ ತಿರುವುತ್ತ ಚೆಲುವರಾಜಯ್ಯ. ಒಳಗೆ ಕಾಲಿಟ್ಟ ದೊರೆ ಅಲ್ಲೇ ನಿಂತುಬಿಟ್ಟ. ಗೋಡೆಯ ತುಂಬ ಹೂ ಮುಡಿದ ಗದೆಗಳು, ಹಗ್ಗದ ಮೇಲೆ ಜನ, ಹಿತ್ತಲಲ್ಲಿ ಜನ, ಮಟ್ಟಿಯ ಸುತ್ತ ಜನ. ಎಳ್ಳು ಹಾಕಿದರೆ ನೆಲಕ್ಕೆ ಬೀಳುವಂತಿರಲಿಲ್ಲ.

"ಜನಾನೇ ಇಲ್ಲ ಅಂದೆಯಲ್ಲ?" ಅಂದ ದೊರೆ.

ಚೆಲುವರಾಜಯ್ಯ ಮೀಸೆ ತಿರುವುವುದು ನಿಲ್ಲಿಸಿದ. ಆಮೇಲೆ ನಡುಮನೆಯತ್ತ ಕೈ ತೋರಿಸಿದ. "ಇವತ್ತು ಹಬ್ಬ, ಬಂದಿದ್ದಾರೆ. ಅಲ್ಲಿ ನೋಡಿ ಭಾವ, ನಡು ನೆಲದ ತುಂಬ ಸಾಮಾನೇ! ಇದು ಉಗ್ರಾಣ ಅಲ್ಲದೆ ಇನ್ನೇನು?"

ಆಗ ಮುದ್ದಯ್ಯ ಹೂವಿನ ಹಾರ ಹಿಡಿದು ಮುಂದೆ ಬಂದ. ಮುಖದ ತುಂಬ ಭಕ್ತಿ.

"ಮಾಸ್ವಾಮಿ, ಸಾಮಾನಲ್ಲ, ಬುದ್ಧಿಯವರು ಗರಡಿಗೆ ಕೊಟ್ಟ ಕಾಣಿಕೆ. ಅವರ ಋಣ ನಮ್ಮ ತಲೆ ಮೇಲಿದೆ. ಕೊಟ್ಟೋರು ಮೊದಲು ಎತ್ತಬೇಕು, ಆಮೇಲೆ ಅದು ಗರಡಿಯದು ಅಂತ ಗುರುಗಳ ಪದ್ಧತಿ. ದಡ್ಡ ನಾನು, ಆ ಮರ್ಯಾದೆ ಮಾಡಿರಲಿಲ್ಲ. ಬುದ್ಧಿ, ದೊಡ್ಡ ಮನಸ್ಸು ಮಾಡಿ ಎತ್ತಬೇಕು."

ಅಂದವನೇ ಚೆಲುವರಾಜಯ್ಯನ ಕೊರಳಿಗೆ ಹಾರ ಹಾಕಿ ಕಾಲಿಗೆ ಬಿದ್ದ. ತಮಟೆ ಶುರುವಾಯಿತು. ದೊರೆ ಕೈಕಟ್ಟಿಕೊಂಡು, "ಎತ್ತಪ್ಪ, ನೋಡೋಣ" ಅಂದ.

ತಪ್ಪಿಸಿಕೊಳ್ಳುವುದೆಲ್ಲಿಗೆ? ಚೆಲುವರಾಜಯ್ಯ ಕಲ್ಲುಗುಂಡನ್ನು ತಬ್ಬಿಕೊಂಡ. ಹಲ್ಲು ಕಚ್ಚಿದ, ತಿಣುಕಿದ. ಗುಂಡು ಅಲ್ಲಾಡಲಿಲ್ಲ, ರುಮಾಲು ಉರುಳಿ ಮಟ್ಟಿಗೆ ಬಿತ್ತು. ಗದೆಯ ಹಿಡಿ ಹಿಡಿದು ಜಗ್ಗಿದ. ಗದೆ ಅಲ್ಲೇ ಇತ್ತು, ಅವನು ಕುಂಡಿಯೂರಿ ಕೂತ. ಪೀಠದ ಹತ್ತಿರ ಹೋಗಿ ಒಂದು ಕಾಲಿಗೆ ಕೈ ಹಾಕಿದ. ಸೊಂಟ ಹಿಡಿದುಕೊಂಡಿತು.

ಪಾಪ, ಮುದ್ದಯ್ಯ ಮಾತ್ರ ಪಕ್ಕದಲ್ಲಿ ನಿಂತು, "ಉಸಿರು ಬಿಗಿ ಹಿಡೀರಿ ಬುದ್ಧಿ, ಮೊಳಕಾಲು ಬಗ್ಗಿಸಿ ಬುದ್ಧಿ" ಅಂತ ಪ್ರೀತಿಯಿಂದ ಹೇಳಿಕೊಡುತ್ತಿದ್ದ.

ದೊರೆ ಕೇಳಿದ, "ಚೆಲುವರಾಜಯ್ಯ, ಇವು ಸಾಮು ಮಾಡೋ ಸಾಧನವೋ, ಬರೀ ಸಾಮಾನೋ? ಸಾಧನವಾದರೆ ಇನ್ನೊಂದು ಸಲ ಎತ್ತು."

ಇನ್ನೊಂದು ಸಲ ಅನ್ನುತ್ತಲೇ ಅವನ ಜೀವ ಬಾಯಿಗೆ ಬಂತು. "ಸಾಮಾನು ಭಾವ, ಬರೀ ಸಾಮಾನು!"

"ಯಾರ ಸಾಮಾನು?"

"ನಂದು."

"ಹಾಗಾದರೆ ನಮ್ಮಪ್ಪ ಕಟ್ಟಿಸಿದ ಗರಡಿಯಲ್ಲಿ ನಿನ್ನ ಸಾಮಾನು ತುಂಬಿಸಿ, ಸಾಮಾನು ತುಂಬಿದೆ ಅಂತ ನನ್ನ ಹತ್ತಿರವೇ ದೂರು ತಂದೆಯಾ?"

ಚೆಲುವರಾಜಯ್ಯ ಮಟ್ಟಿಗೆ ಬಿದ್ದಿದ್ದ ರುಮಾಲು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡ. ದೊರೆ ಅಪ್ಪಣೆ ಮಾಡಿದ: "ಕೊಟ್ಟವನು ಎತ್ತದ್ದು ಗರಡಿಯದಾಗಲಿಲ್ಲ. ಮೂರನ್ನೂ ಇವತ್ತೇ ಇವನ ಬಂಗಲೆಯ ನಡುಮನೆಯಲ್ಲಿ ಇಡಿ. ಅಲ್ಲಿಂದ ಆಚೆ ಹಾಕಬೇಕಾದರೆ ಇವನೇ ಎತ್ತಬೇಕು, ಬೇರೆಯವರು ಕೈ ಹಚ್ಚಕೂಡದು."

ಕುಂಬಾರರು, ನೇಕಾರರು, ಗಾಡಿಯವರು ಸೇರಿ ಗುಂಡು ಉರುಳಿಸಿದರು, ಗದೆ ಹೊತ್ತರು, ಪೀಠ ತಳ್ಳಿದರು. "ಹುಷಾರು ಕಣ್ರೋ, ನಮಗೆ ಅಂತ ಕೊಟ್ಟಿದ್ದೋರ ಸಾಮಾನು, ಮೂಲೆ ಮುಕ್ಕಾಗಬಾರದು" ಅಂತ ಮುದ್ದಯ್ಯ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಚೆಲುವರಾಜಯ್ಯ ಇವತ್ತಿಗೂ ತನ್ನ ಮನೆಯಲ್ಲಿ ಅಡ್ಡಡ್ಡ ನಡೆದು ಊಟಕ್ಕೆ ಹೋಗುತ್ತಾನಂತೆ. ಹುಣಸೆಹಣ್ಣಿನ ಮೂಟೆಗಳು ಅಂಗಳದಲ್ಲಿ, ಇರುವೆಗಳ ಪಾಲಿಗೆ.

ಇತ್ತ ಗರಡಿಯ ನಡು ನೆಲ ಖಾಲಿಯಾಯಿತು. ಮುದ್ದಯ್ಯ ಅದನ್ನು ನೋಡಿದ. ಮೊದಲು ಎಷ್ಟಿತ್ತೋ ಅಷ್ಟೇ ನೆಲ. ಆದರೆ ಮೊದಲಿಗಿಂತ ಮೂರು ಪಟ್ಟು ಜನ ಅಲ್ಲಿ ಮೈ ಬಗ್ಗಿಸಬಹುದಿತ್ತು. ಅವನು ಹೆಂಡತಿಯ ಕಡೆ ತಿರುಗಿ, ಎಲ್ಲರ ಮುಂದೆಯೇ ಎರಡೂ ಕೈ ಎತ್ತಿ ಮುಗಿದ. "ಇಷ್ಟು ವರ್ಷ ಊರಿಗೆಲ್ಲ ಕೈ ಮುಗಿದೆ. ನಿನಗೆ ಒಂದಿನವೂ ಮುಗೀಲಿಲ್ಲ ನೋಡು" ಅಂದ. ನಿಂಗಾಜಮ್ಮ "ಸುಮ್ನಿರಿ, ಜನ ನೋಡ್ತಾರೆ" ಅಂದಳು. ಅವಳ ಕಣ್ಣೂ ತುಂಬಿತ್ತು.

ದೊರೆಗೆ ಬಹಳ ಸಂತೋಷವಾಯಿತು. "ಮುದ್ದಯ್ಯ, ಗರಡಿಗೆ ನಾನೂ ಏನಾದರೂ ಕೊಡಬೇಕು. ಏನು ಕಳಿಸಲಿ? ಬೆಳ್ಳಿಯ ಗದೆಯೋ, ಕಂಚಿನ ಹನುಮಂತನೋ, ಗಂಧದ ಬಾಗಿಲೋ?"

ಅಭ್ಯಾಸ ನೋಡಿ, ಮುದ್ದಯ್ಯನ ಕೈ ತಾನಾಗಿ ಜೋಡಿಕೊಂಡಿತು. ಬಾಯಿ ತೆರೆದ. ಆಮೇಲೆ ಖಾಲಿ ನೆಲವನ್ನು ನೋಡಿದ, ಅಂಚಿನಲ್ಲಿ ಲಂಗೋಟಿ ಬಿಗಿದು ಕಾಯುತ್ತಿದ್ದ ಜನರನ್ನು ನೋಡಿದ. ಹುಟ್ಟಿದಾರಭ್ಯ ಆಡದ ಮಾತು ಆಡಿದ.

"ಏನೂ ಬೇಡ ಮಾಸ್ವಾಮಿ. ತಮ್ಮ ತಂದೆಯವರು ಕೊಟ್ಟ ನೆಲವೇ ಬೇಕಾದಷ್ಟಿದೆ. ತಾವು ಬಂದು ಇದರ ಮೇಲೆ ಎರಡು ದಂಡ ಹೊಡೆದರೆ ನಮಗೆ ಅದೇ ಕಾಣಿಕೆ."

ದೊರೆ ಗಹಗಹಿಸಿ ನಕ್ಕ. ಶಾಲು ತೆಗೆದು ಜೊತೆಗೆ ಬಂದಿದ್ದ ಮಂತ್ರಿಯ ಕೈಗೆ ಕೊಟ್ಟ. "ಎಲ್ಲಿ ನಿಲ್ಲಲಿ?" ಅಂತ ಕೇಳಿದ. ಕುಂಬಾರರು ಇಷ್ಟು ಜರುಗಿದರು, ನೇಕಾರರು ಅಷ್ಟು ಜರುಗಿದರು. ದೊರೆಗೂ ಜಾಗ ಆಯಿತು.

ನೋಡಿದಿರಾ ಮಕ್ಕಳೇ? ಕೊಟ್ಟದ್ದನ್ನೆಲ್ಲ ರಾಶಿ ಹಾಕಿಕೊಂಡು ಕೈ ಮುಗಿಯುವುದು ಕೃತಜ್ಞತೆಯಲ್ಲ. ಇರುವುದನ್ನು ನಾಲ್ಕು ಜನಕ್ಕೆ ಒದಗುವ ಹಾಗೆ ಬಳಸುವುದೇ ಕೃತಜ್ಞತೆ. ಇನ್ನೊಬ್ಬರ ಜಾಗ ಕಸಿಯಲು ಹೋದವನಿಗೆ ತನ್ನ ಮನೆಯಲ್ಲೇ ಜಾಗ ಇಲ್ಲದಂತಾಗುತ್ತದೆ. ಇದೇ ಈ ಕಥೆಯ ನೀತಿ. ಕಥೆ ಹೇಳಿದ ನನಗೆ ಒಂದು ಲೋಟ ನೀರು ಕೊಡಿ. ಕೇಳಿದ ನಿಮಗೆ ಒಳ್ಳೆಯದಾಗಲಿ.