ಗೋಮಾಳದ ಮೇಲಿನ ದೊಡ್ಡಿ

"ಗುರುಗಳೇ, ಇನ್ನೊಂದು ಸೆರೆಮನೆ ಕಟ್ಟಿಸಿದರೆ ಅದು ಪಾಪವೇ?" ಎಂದು ಬೊಮ್ಮರಸ ಕೇಳಿದ.

ಅವನು ಪಟ್ಟಣದ ಸೆರೆಮನೆಯ ಅಧಿಕಾರಿ. ಬಿಡುವಾದಾಗ ಮಠಕ್ಕೆ ಬಂದು ಗುರುಗಳಿಂದ ಪಾಠ ಕೇಳುವವನು. ನೂರು ಜನರಿಗೆಂದು ಕಟ್ಟಿದ ಅವನ ಸೆರೆಮನೆಯಲ್ಲಿ ನಾನೂರು ಜನರಿದ್ದರು. ಸರದಿಯ ಮೇಲೆ ಮಲಗುತ್ತಿದ್ದರು. ವಿಚಾರಣೆಗೆ ಕಾದು ಕಾದು, ತಾನು ಕದ್ದದ್ದೇನೆಂಬುದನ್ನೇ ಮರೆತ ಮುದುಕನೊಬ್ಬ ಅಲ್ಲಿದ್ದ. ಹೊಸ ಸೆರೆಮನೆಗೆಂದು ಊರಾಚೆ ನೆಲಕ್ಕೆ ಗುರುತು ಹಾಕಿಸಿ ಬಂದಿದ್ದ ಬೊಮ್ಮರಸ, ಅದನ್ನು ಕಟ್ಟಿಸುವ ಓಲೆಗೆ ಮರುದಿನ ಮುದ್ರೆ ಒತ್ತಬೇಕಿತ್ತು. ಅವನಿಗೂ ಸಾಕುಸಾಕಾಗಿ ಹೋಗಿತ್ತು.

"ಅವರ ಮೇಲಿನ ಕನಿಕರದಿಂದಲೇ ಕೇಳುತ್ತಿದ್ದೇನೆ. ಕಾಲು ಚಾಚಲಾದರೂ ಜಾಗ ಬೇಡವೇ?"

ಇದೇ ಪ್ರಶ್ನೆಯನ್ನು ಅವನು ಮೂರನೆಯ ಸಲ ಕೇಳುತ್ತಿದ್ದ. ಗುರುಗಳಿಗೆ ರೇಗಿತು. "ಕುಳಿತುಕೋ. ಈ ಸಲವಾದರೂ ಕಿವಿಗೊಟ್ಟು ಕೇಳು" ಎಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನ ಜೋಳದ ಹೊಲಕ್ಕೆ ದನ ನುಗ್ಗಿತು. ಒಂದು ಮುಳ್ಳುಬೇಲಿಗೆ ಮುಗಿಯುವ ಮಾತು. ಊರವರು ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು. ಪೈರು ಮೇಯ್ದ ದನಗಳನ್ನು ಕೂಡಿಹಾಕಲು ಒಂದು ದೊಡ್ಡಿ ಬೇಕೆಂದರು. ಅದಕ್ಕೆ ತನ್ನ ಹೊಲ ಬಿಟ್ಟುಕೊಡಲು ಯಾರೂ ಒಪ್ಪಲಿಲ್ಲ. ಬಡವರ ದನ ಮೇಯುವ ಗೋಮಾಳವಿತ್ತು. ಅದೇನು ಯಾರಪ್ಪನ ಆಸ್ತಿಯೂ ಅಲ್ಲವಲ್ಲ! ಅದರ ಒಂದು ಮೂಲೆಯಲ್ಲಿ ಕಟ್ಟಿದರು.

ಹುಲ್ಲು ಅಷ್ಟು ಕಡಿಮೆಯಾಯಿತು. ಇನ್ನಷ್ಟು ದನಗಳು ಹೊಲಕ್ಕೆ ನುಗ್ಗಿದವು. ದೊಡ್ಡಿ ತುಂಬಿತು. ದೊಡ್ಡಿಯ ಕಾವಲುಗಾರ ಒಳ್ಳೆಯವನು. ದನಗಳು ಒಂದನ್ನೊಂದು ತುಳಿಯುವುದನ್ನು ನೋಡಲಾರದೆ, ಗೋಡೆಯನ್ನು ಹಿಂದಕ್ಕೆ ಸರಿಸಿರೆಂದು ಊರವರ ಕಾಲು ಹಿಡಿದ. ಸರಿಸಿದರು, ಗೋಮಾಳದ ಕಡೆಗೇ. ವರ್ಷದೊಳಗೆ ಅದೂ ತುಂಬಿತು. ಮತ್ತೆ ಸರಿಸಿದರು. ಈ ಕಾಲದ ದನಗಳಿಗೆ ಹುಟ್ಟುತ್ತಲೇ ಕಳ್ಳಬುದ್ಧಿ ಎಂದು ಕಟ್ಟೆಯ ಮೇಲೆ ಕುಳಿತವರೆಲ್ಲ ಬೈದರು.

ಒಂದು ದಿನ ಒಬ್ಬ ವಿಧವೆ ಬಂದಳು. ಅವಳಿಗಿದ್ದ ಒಂದೇ ಹಸು ನಾಲ್ಕು ದಿನದಿಂದ ದೊಡ್ಡಿಯೊಳಗಿತ್ತು. ಮನೆಯಲ್ಲಿ ಅದರ ಎಳೆಗರು ಹಾಲಿಲ್ಲದೆ ನೆಲ ಹಿಡಿದಿತ್ತು.

"ಹೊಲಕ್ಕೇಕೆ ಬಿಟ್ಟೆ ತಾಯಿ? ಗೋಮಾಳದಲ್ಲಿ ಮೇಯಿಸಬಾರದಾಗಿತ್ತೇ?" ಎಂದು ಕಾವಲುಗಾರ ಬೇಸತ್ತು ಕೇಳಿದ.

"ಎಲ್ಲಿದೆಯಪ್ಪಾ ಗೋಮಾಳ? ಅದರ ಮೇಲೆ ಗೋಡೆ ಕಟ್ಟಿಸಿಕೊಂಡು ನೀನು ನಿಂತಿದ್ದೀಯಲ್ಲ!"

ಕಾವಲುಗಾರ ಹಸುವನ್ನು ಬಿಡಲು ಅಪ್ಪಣೆ ಕೇಳಿ ಊರ ಹಿರಿಯರ ಬಳಿಗೆ ಓಡಿದ. ಅವರು ಹಗ್ಗ ಹಿಡಿದು, ಉಳಿದಿದ್ದ ಕೊನೆಯ ತುಂಡು ಹುಲ್ಲುಗಾವಲನ್ನು ದೊಡ್ಡಿಗಾಗಿ ಅಳೆಯುತ್ತಿದ್ದರು. ಲೆಕ್ಕ ತಪ್ಪುತ್ತದೆ, ಸುಮ್ಮನಿರು ಎಂದರು. ಅಳತೆ ಮುಗಿದು ಹಸು ಮನೆ ಸೇರುವಷ್ಟರಲ್ಲಿ ಕರು ಸತ್ತಿತ್ತು.

ಬೊಮ್ಮರಸ ತಡೆಯಲಾರದೆ ಎದ್ದು ನಿಂತ. "ಎಂಥ ಮೂಢರು ಗುರುಗಳೇ! ಗೋಡೆ ಕೆಡವಿ ಹುಲ್ಲು ಬೆಳೆಯಲು ಬಿಡಿ ಎನ್ನುವಷ್ಟು ಬುದ್ಧಿ ಒಬ್ಬನಿಗೂ ಇರಲಿಲ್ಲವೇ?"

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ಹೊಸ ಸೆರೆಮನೆಗೆಂದು ನೀನು ಗುರುತು ಹಾಕಿಸಿ ಬಂದ ನೆಲದಲ್ಲಿ ಈಗ ಯಾರು ಉತ್ತು ಉಣ್ಣುತ್ತಿದ್ದಾರೆ?"