ಉಳಿಸಿದ ಕೊಳೆ

ಬೋಧಾನಂದರ ಆಶ್ರಮ ಹೊಳೆದಂಡೆಯಲ್ಲಿತ್ತು. ಆದರೂ ಅಲ್ಲೊಂದು ಗಾಜಿನ ತೊಟ್ಟಿ, ಅದರೊಳಗೆ ಮೀನುಗಳು. ಊರು ಬಿಡುವಾಗ ಭಕ್ತರೊಬ್ಬರು ಒಪ್ಪಿಸಿ ಹೋಗಿದ್ದರು. ಹೊಳೆಗೆ ಬಿಟ್ಟರೆ ಬದುಕುವ ಜಾತಿಯಲ್ಲ. ನೋಡಿಕೊಳ್ಳುವ ಕೆಲಸ ಶಿಷ್ಯ ತ್ರ್ಯಂಬಕನ ಪಾಲಿಗೆ ಬಂತು.

ತ್ರ್ಯಂಬಕ ಮಹಾ ಮಡಿವಂತ. ಬೆಳಗ್ಗೆ ದೇವರ ಪಾತ್ರೆ ಬೆಳಗಿದ ಕೈಯಲ್ಲೇ ತೊಟ್ಟಿಯೊಳಗಿನ ಫಿಲ್ಟರನ್ನು ಬಿಚ್ಚುತ್ತಿದ್ದ. ಅದರ ಸ್ಪಂಜನ್ನು ನಲ್ಲಿಗೆ ಹಿಡಿದು, ಹೊಸದರಂತೆ ಕಾಣುವವರೆಗೂ ಉಜ್ಜುತ್ತಿದ್ದ.

ಆದರೂ ನೀರು ಮಬ್ಬಾಯಿತು. ಮೀನುಗಳು ಒಂದೊಂದಾಗಿ ಸತ್ತವು.

ತಪ್ಪು ಫಿಲ್ಟರಿನದೇ ಎಂದುಕೊಂಡು ಪೇಟೆಯಿಂದ ಇನ್ನೂ ಜೋರಿನದನ್ನು ತಂದ. ಅದರ ಸ್ಪಂಜನ್ನೂ ಅಷ್ಟೇ ಶ್ರದ್ಧೆಯಿಂದ ಉಜ್ಜಿದ. ಕೊನೆಗೆ ಉಳಿದದ್ದು ಒಂದೇ ಕೆಂಪು ಮೀನು. ಅದೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ತ್ರ್ಯಂಬಕನಿಗೆ ಅನ್ನ ಸೇರದಾಯಿತು.

ಗುರುಗಳ ಬಳಿ ಹೋಗಿ ಎಲ್ಲ ಹೇಳಿಕೊಂಡ. ಅಂಗಡಿಯಲ್ಲಿ ಇನ್ನೆರಡು ಬಗೆಯ ಫಿಲ್ಟರುಗಳಿವೆ, ಒಂದಕ್ಕೆ ಸ್ಪಂಜು ಮೂರು ಪದರ, ಇನ್ನೊಂದು ನೀರು ಸೆಳೆಯುವ ಜೋರು ಇದರ ಎರಡರಷ್ಟು ಎಂದು ವಿವರಿಸಿದ.

“ಯಾವುದನ್ನು ತರಲಿ, ಗುರುಗಳೇ?”

“ಮೊದಲಿನದನ್ನೇ ಹಾಕು. ನಾನು ಹೇಳುವವರೆಗೆ ಸ್ಪಂಜು ಮುಟ್ಟಬೇಡ. ದಿನಾ ಸ್ವಲ್ಪ ನೀರು ಮಾತ್ರ ಬದಲಿಸು.”

ತ್ರ್ಯಂಬಕ ಹಾಗೇ ಮಾಡಿದ. ಸ್ಪಂಜು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ಲೋಳೆ ಹಿಡಿಯಿತು. ನೋಡಿದಾಗಲೆಲ್ಲ ಅವನ ಕೈ ತುರಿಸುತ್ತಿತ್ತು. ತಡೆದುಕೊಂಡ.

ವಾರಗಳು ಕಳೆದವು. ನೀರು ತಿಳಿಯಾಯಿತು. ಮೀನು ಕೆಳಗಿಳಿದು ಕಾಳು ಹೆಕ್ಕತೊಡಗಿತು. ಅವತ್ತು ತ್ರ್ಯಂಬಕ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಆದರೆ ಕೊಳೆ ಕಟ್ಟಿ ಫಿಲ್ಟರಿನ ಸೆಳೆತ ಕುಗ್ಗಿತ್ತು. ಈಗಲಾದರೂ ತೊಳೆಯಲೇ ಎಂದು ಕೇಳಿದ. ಗುರುಗಳು ತಾವೇ ಎದ್ದು ಬಂದರು. ತೊಟ್ಟಿಯದೇ ನೀರನ್ನು ಒಂದು ಬೋಗುಣಿಗೆ ತೆಗೆದುಕೊಂಡರು. ಸ್ಪಂಜನ್ನು ಅದರಲ್ಲಿ ಅದ್ದಿ ಒಮ್ಮೆ ಮೆಲ್ಲಗೆ ಹಿಂಡಿ, ಫಿಲ್ಟರಿಗೆ ಸೇರಿಸಿದರು.

ಬೋಗುಣಿಯ ನೀರು ಕೆಸರಾಗಿತ್ತು. ಸ್ಪಂಜು ಇನ್ನೂ ಕಂದಾಗಿಯೇ ಇತ್ತು.

“ಇದರಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ,” ಎಂದರು. “ಮೀನಿನ ಹೇಸಿಗೆ ತಿಂದು ನೀರನ್ನು ಕಾಪಾಡುವುದು ಅವೇ. ನೀನು ದಿನಾ ಬೆಳಗ್ಗೆ ಅವನ್ನೇ ತೊಳೆದು ಚೆಲ್ಲುತ್ತಿದ್ದೆ.”

ತ್ರ್ಯಂಬಕ ಸತ್ತ ಮೀನುಗಳನ್ನು ನೆನೆದು ತಲೆ ತಗ್ಗಿಸಿದ. ಆದರೂ ಕಣ್ಣು ಸ್ಪಂಜಿನ ಮೇಲೇ ಇತ್ತು.

“ಇನ್ನೂ ಬೇಕಾದಷ್ಟು ಕೊಳೆ ಉಳಿದಿದೆ, ಗುರುಗಳೇ.”

ಗುರುಗಳು ಕೈ ಒರೆಸಿಕೊಂಡರು.

“ನೀನು ಇಲ್ಲಿಗೆ ಬಂದಾಗ ನಿನ್ನನ್ನೂ ನಾನು ಇಷ್ಟೇ ತೊಳೆದದ್ದು.”